ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ

ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೊರಟ ದಿನ, ಮಡಿಕೇರಿಯ ಮನೆಯಂಗಳದಲ್ಲೇ ಕಾರಿನ ಕ್ಲಚ್ ಪೆಡಲ್ ನೆಲ ಕಚ್ಚಿತು. ಕಾಲೆತ್ತಿದರೂ ಮೇಲೆ ಬರಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿ ಮುಕ್ಕಾಲು ಖಾಲಿ.

ಕ್ಲಚ್ ಕೆಟ್ಟರೆ ಬ್ರೇಕಿನ ಡಬ್ಬಿ ಯಾಕೆ ನೋಡಬೇಕು? ಹೈಡ್ರಾಲಿಕ್ ಕ್ಲಚ್, ಅಂದರೆ ಆಯಿಲ್ ಒತ್ತಡದಿಂದ ಕೆಲಸ ಮಾಡುವ ಕ್ಲಚ್ ಇರುವ ಎಷ್ಟೋ ಕಾರುಗಳಲ್ಲಿ ಎರಡಕ್ಕೂ ಡಬ್ಬಿ ಒಂದೇ. ಕ್ಲಚ್ಚಿನ ಪೈಪನ್ನು ಅದರಲ್ಲಿ ಸ್ವಲ್ಪ ಮೇಲೆ ಕೂರಿಸಿರುತ್ತಾರೆ. ಆಯಿಲ್ ಇಳಿದಾಗ ಮೊದಲು ಗಾಳಿ ಎಳೆಯುವುದು ಕ್ಲಚ್. ಬ್ರೇಕಿಗೆ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ. ಇದನ್ನು ಯೋಚಿಸಿದವರಿಗೆ ಕೈ ಮುಗಿಯಬೇಕು.

ಸೂಜಿಯಿಲ್ಲದ ಸಿರಿಂಜಿಗೆ ನೀರು ತುಂಬಿ, ತುದಿಗೆ ಬೆರಳಿಟ್ಟು ಒತ್ತಿ ನೋಡಿ. ಅಲ್ಲಾಡುವುದಿಲ್ಲ. ಗಾಳಿ ತುಂಬಿ ಒತ್ತಿದರೆ ಸುಲಭವಾಗಿ ಕುಗ್ಗುತ್ತದೆ. ಪೈಪಿನಲ್ಲೂ ಅಷ್ಟೇ. ಕಾಲಿನ ಬಲವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಸುಮ್ನೆ ಆಯಿಲ್ ತುಂಬಿದರೆ ಸಾಲದು, ಗಾಳಿ ತೆಗೆಯಲೇಬೇಕು.

ಮೆಕ್ಯಾನಿಕ್ ಹುಡುಗ ಮೊದಲು ಸೋರಿಕೆ ಹುಡುಕಿದ. ಗೇರ್‌ಬಾಕ್ಸ್ ಪಕ್ಕದ ಕ್ಲಚ್ ಸಿಲಿಂಡರಿನ ಸೀಲ್ ಹೋಗಿತ್ತು. ಅದನ್ನು ಬದಲಿಸಿ, ಡಬ್ಬಿ ತುಂಬಿಸಿ, ಗಾಳಿ ತೆಗೆಯಲೆಂದೇ ಸಿಲಿಂಡರಿನಲ್ಲಿರುವ ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿದ. ಇನ್ನೊಂದು ತುದಿ ಬಾಟಲಿಯಲ್ಲಿದ್ದ ಆಯಿಲ್‌ನಲ್ಲಿ ಮುಳುಗಿತ್ತು. "ಅಣ್ಣಾ, ಒತ್ತಿ ಹಿಡ್ಕೊಳ್ಳಿ. ನಾನು ಹೇಳೋವರೆಗೆ ಬಿಡ್ಬೇಡಿ" ಅಂದ. ಸ್ಪ್ಯಾನರ್ ಅರ್ಧ ಸುತ್ತು ತಿರುಗಿತು. ಗುಳುಗುಳು ಅಂತ ಗುಳ್ಳೆಗಳು ಬಂದವು. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ "ಬಿಡಿ" ಅಂದ. ತೆರೆದಿರುವಾಗ ಕಾಲೆತ್ತಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಮೊದಮೊದಲು ಪೆಡಲನ್ನು ಕೈಯಿಂದಲೇ ಮೇಲೆತ್ತಬೇಕಾಯಿತು. ಹದಿನೈದಿಪ್ಪತ್ತು ಸಲ ಆದ ಮೇಲೆ ಕಾಲಿಗೆ ಗಟ್ಟಿ ಸಿಕ್ಕಿತು. ನಡುನಡುವೆ ಡಬ್ಬಿಗೆ ಆಯಿಲ್ ಸುರಿಯುತ್ತಲೇ ಇರಬೇಕು, ಖಾಲಿಯಾದರೆ ಎಲ್ಲ ಮೊದಲಿಂದ. ಬಾಡಿ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ಕಿತ್ತುಬರುತ್ತದೆ.

ಹಾಗೇ ನಾಲ್ಕು ಚಕ್ರಗಳ ಬ್ರೇಕಿನಿಂದಲೂ ಹಳೇ ಆಯಿಲ್ ತೆಗೆಸಿದೆ. ಕಾಫಿ ಡಿಕಾಕ್ಷನ್ ಹಾಗೆ ಕಪ್ಪಾಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದ ತೇವ ಗೊತ್ತಲ್ವಾ! ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೂರಕ್ಕೆ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿಯೂ ಗಾಳಿಯ ಹಾಗೆ ಕುಗ್ಗುತ್ತದೆ. ಸಾವಿರ ಕೆಜಿಯ ಕಾರು ಸಾವಿರ ಮೀಟರ್ ಕೆಳಗಿಳಿದಾಗ ಹೊರಬೀಳುವ ಶಕ್ತಿಯಲ್ಲಿ ಸುಮಾರು ಮೂವತ್ತು ಲೀಟರ್ ತಣ್ಣೀರು ಕುದಿಯುವಷ್ಟು ಬಿಸಿಯಾಗುತ್ತದೆ. ಬ್ರೇಕನ್ನೇ ನಂಬಿ ಇಳಿದರೆ ಆ ಬಿಸಿಯ ಬಹುಪಾಲು ಡಿಸ್ಕು, ಡ್ರಮ್ಮುಗಳಿಗೇ ಹೋಗುತ್ತದೆ.

ಮರುದಿನ ಸುಳ್ಯಕ್ಕೆ ಹೋದೆವು, ತಿರುವುಗಳಲ್ಲೆಲ್ಲ ಎರಡನೇ ಗೇರಿನಲ್ಲಿ, ಕಾರನ್ನು ಎಂಜಿನ್ನೂ ಹಿಡಿದಿಡಲಿ ಅಂತ.