ಹಂಗಿನ ಲೆಕ್ಕ: ಅಮೆರಿಕ–ಯುರೋಪ್ ಮುನಿಸಿನ ಎಪ್ಪತ್ತೈದು ವರ್ಷ

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹಲವು ವರ್ಷ ಒಂದು ವಿಚಿತ್ರ ಕೆಲಸ ನಡೆಯಿತು. ಟರ್ಕಿಯಲ್ಲಿ ತಯಾರಾದ ಫೋರ್ಡ್ ಕಂಪನಿಯ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳು ಹಡಗಿನಿಂದ ಇಳಿಯುತ್ತಿದ್ದವು. ಹಿಂದಿನ ಸೀಟು, ಸೀಟ್ ಬೆಲ್ಟ್, ಕಿಟಕಿಗಳೆಲ್ಲ ಇದ್ದುದರಿಂದ ಕಸ್ಟಮ್ಸ್ ಲೆಕ್ಕದಲ್ಲಿ ಅವು ಪ್ರಯಾಣಿಕರ ವಾಹನ, ಸುಂಕ ಶೇ 2.5. ಸುಂಕದ ಲೆಕ್ಕ ಮುಗಿದ ಕೂಡಲೇ ಕೆಲಸಗಾರರು ಹಿಂದಿನ ಸೀಟುಗಳನ್ನು ಕಿತ್ತು ತೆಗೆದು, ಹೊಚ್ಚಹೊಸ ವಾಹನಗಳನ್ನು ಸರಕು ಸಾಗಿಸುವ ವ್ಯಾನುಗಳಾಗಿ ಮಾರ್ಪಡಿಸುತ್ತಿದ್ದರು. ಸರಕು ವ್ಯಾನ್ ಎಂದೇ ತಂದಿದ್ದರೆ ಶೇ 25 ಸುಂಕ ಕಟ್ಟಬೇಕಿತ್ತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. 2024ರಲ್ಲಿ ಫೋರ್ಡ್ 36.5 ಕೋಟಿ ಡಾಲರ್ ಕಟ್ಟಲು ಒಪ್ಪಿ ಪ್ರಕರಣ ಮುಗಿಸಿಕೊಂಡಿತು.

ಆ ಶೇ 25ರ ಸುಂಕಕ್ಕೆ ವಾಹನೋದ್ಯಮದಲ್ಲಿ ಇರುವ ಹೆಸರು ‘ಚಿಕನ್ ಟ್ಯಾಕ್ಸ್’, ಅಂದರೆ ಕೋಳಿ ತೆರಿಗೆ. ವ್ಯಾನಿಗೂ ಕೋಳಿಗೂ ಏನು ಸಂಬಂಧ ಎಂದು ಹುಡುಕಿಕೊಂಡು ಹೋದರೆ, ಅಮೆರಿಕ ಮತ್ತು ಯುರೋಪಿನ ನಡುವಿನ ಮುನಿಸಿನ ಬೇರು ಸಿಗುತ್ತದೆ. ಆ ಬೇರಿಗೆ ಕನ್ನಡದಲ್ಲಿ ಒಂದು ಚೊಕ್ಕ ಮಾತಿದೆ: ಹಂಗು. ಕೊಟ್ಟವರಿಗೆ ಕೊಟ್ಟದ್ದು ಮರೆಯುವುದಿಲ್ಲ. ಪಡೆದವರಿಗೆ ಅದನ್ನು ಪದೇ ಪದೇ ಕೇಳಿಸಿಕೊಳ್ಳುವುದು ಸಹಿಸುವುದಿಲ್ಲ.

ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನ ಬಳಿ ಕಟ್ಟಿಕೊಳ್ಳಲು ಕೈಯಿತ್ತು, ಕೊಳ್ಳಲು ಡಾಲರ್ ಇರಲಿಲ್ಲ. 1947ರ ಜೂನ್ 5ರಂದು ಅಮೆರಿಕದ ವಿದೇಶಾಂಗ ಸಚಿವ ಜಾರ್ಜ್ ಮಾರ್ಷಲ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೆರವಿನ ಮಾತಾಡಿದರು. 1948ರಿಂದ ನಾಲ್ಕು ವರ್ಷಗಳಲ್ಲಿ ಸುಮಾರು 1,300 ಕೋಟಿ ಡಾಲರ್ ಹರಿದುಬಂತು. ಅದರ ಜೊತೆಗೆ ಒಂದು ಸೂಚನೆಯೂ ಇತ್ತು: ದೇಶದೇಶವಾಗಿ ಕೈಚಾಚಬೇಡಿ, ಒಟ್ಟಿಗೆ ಕುಳಿತು ಯೋಜನೆ ಮಾಡಿಕೊಂಡು ಬನ್ನಿ. ಯುರೋಪ್ ಒಂದಾಗಬೇಕೆಂದು ಅಂದು ಒತ್ತಾಯಿಸಿದವರಲ್ಲಿ ಅಮೆರಿಕನ್ನರೇ ಮುಂದಿದ್ದರು. ಒಂದಾದ ಯುರೋಪ್ ಕಮ್ಯುನಿಸಂಗೆ ತಡೆಯೂ ಹೌದು, ಅಮೆರಿಕದ ಸರಕಿಗೆ ದೊಡ್ಡ ಸಂತೆಯೂ ಹೌದು. ಈ ನೆರವನ್ನು ಬರೀ ಸ್ವಾರ್ಥ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹಸಿದವರಿಗೆ ಅದರಿಂದ ಅನ್ನ ಸಿಕ್ಕಿದ್ದು ನಿಜ.

ಹಂಗಿನ ಮೊದಲ ಕಹಿ ಬಂದದ್ದು ಸೂಯೆಜ್‌ನಲ್ಲಿ. 1956ರ ಜುಲೈನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ ಮತ್ತು ಫ್ರಾನ್ಸ್ ಇಸ್ರೇಲ್ ಜೊತೆ ಗುಟ್ಟಾಗಿ ಕೈಜೋಡಿಸಿ ದಾಳಿಗಿಳಿದವು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಇದನ್ನು ಒಪ್ಪಲಿಲ್ಲ. ಅವರು ಸೈನ್ಯ ಕಳುಹಿಸಲಿಲ್ಲ. ಕುಸಿಯುತ್ತಿದ್ದ ಪೌಂಡಿಗೆ ಆಸರೆ ಸಿಗದಂತೆ ನೋಡಿಕೊಂಡರು, ಅಷ್ಟೇ. ಬ್ರಿಟನ್ ಹಿಂದೆ ಸರಿಯಿತು, ಪ್ರಧಾನಿ ಆಂಥೋನಿ ಈಡನ್ 1957ರ ಜನವರಿಯಲ್ಲಿ ಕುರ್ಚಿ ಬಿಟ್ಟರು. ವಸಾಹತುಶಾಹಿಯ ಆ ದಾಳಿಯನ್ನು ಸಮರ್ಥಿಸಲು ಸಾಧ್ಯವೇ ಇಲ್ಲ. ಆದರೆ ಲಂಡನ್ ಮತ್ತು ಪ್ಯಾರಿಸ್ ಇದರಿಂದ ಕಲಿತ ಪಾಠಗಳು ಬೇರೆ ಬೇರೆ. ಇನ್ನು ಅಮೆರಿಕದ ಮಾತು ಮೀರಬಾರದು ಎಂದು ಬ್ರಿಟನ್ ತೀರ್ಮಾನಿಸಿತು. ಇನ್ನು ಅಮೆರಿಕವನ್ನು ನಂಬಬಾರದು ಎಂದು ಫ್ರಾನ್ಸ್ ತೀರ್ಮಾನಿಸಿತು. ಬ್ರಿಟನ್ ಕೈಚೆಲ್ಲಿದ ಸುದ್ದಿ ಬಂದಾಗ ಜರ್ಮನಿಯ ಚಾನ್ಸಲರ್ ಅಡೆನಾವರ್ ಪ್ಯಾರಿಸ್‌ನಲ್ಲೇ ಇದ್ದರು. ಯುರೋಪನ್ನು ಕಟ್ಟಿ, ಅದೇ ನಿಮ್ಮ ಸೇಡು ಎಂದು ಅವರು ಫ್ರೆಂಚ್ ಪ್ರಧಾನಿಗೆ ಹೇಳಿದ್ದಾಗಿ ಆಗಿನ ವಿದೇಶಾಂಗ ಸಚಿವ ಕ್ರಿಸ್ತಿಯಾನ್ ಪಿನೋ ನೆನಪಿಸಿಕೊಂಡಿದ್ದಾರೆ. ಕೆಲವೇ ತಿಂಗಳಲ್ಲಿ, 1957ರ ಮಾರ್ಚ್ 25ರಂದು, ಆರು ದೇಶಗಳು ರೋಮ್ ಒಪ್ಪಂದಕ್ಕೆ ಸಹಿ ಹಾಕಿ ಯುರೋಪಿನ ಸಾಮಾನ್ಯ ಮಾರುಕಟ್ಟೆಯನ್ನು ಸ್ಥಾಪಿಸಿದವು.

ಕೋಳಿಯ ಕಥೆ ಶುರುವಾಗುವುದು ಇಲ್ಲಿಂದ. ಯುದ್ಧಾನಂತರ ಅಮೆರಿಕದಲ್ಲಿ ಕೋಳಿ ಸಾಕಣೆ ಕಾರ್ಖಾನೆಯ ರೂಪ ಪಡೆದು, ಮಾಂಸ ಅಗ್ಗವಾಯಿತು. ಹಬ್ಬದ ದಿನ ಮಾತ್ರ ಕೋಳಿ ತಿನ್ನುತ್ತಿದ್ದ ಜರ್ಮನ್ ಮನೆಗಳಿಗೆ ಅಮೆರಿಕದ ಶೈತ್ಯೀಕರಿಸಿದ ಕೋಳಿ ವಾರದೂಟವಾಗಿ ಬಂತು. ಸಣ್ಣ ಹಿತ್ತಿಲಲ್ಲಿ ಕೋಳಿ ಸಾಕಿ ಬದುಕುತ್ತಿದ್ದ ರೈತರು ಕಂಗಾಲಾದರು. ಅಸಲಿಗಿಂತ ಕಡಿಮೆಗೆ ತಂದು ಸುರಿಯುತ್ತಿದ್ದಾರೆ ಎಂದು ಡಚ್ಚರು ದೂರಿದರು. ಅಮೆರಿಕದವರು ಆರ್ಸೆನಿಕ್ ತಿನ್ನಿಸಿ ಕೋಳಿ ಕೊಬ್ಬಿಸುತ್ತಾರೆ ಎಂದು ಜರ್ಮನ್ ರೈತ ಸಂಘಗಳು ಹೇಳಿದವು. 1962ರಲ್ಲಿ ಜಾರಿಗೆ ಬಂದ ಸಾಮಾನ್ಯ ಕೃಷಿ ನೀತಿಯಡಿ ಆರು ದೇಶಗಳೂ ಹೊರಗಿನ ಕೋಳಿಯ ಮೇಲೆ ಭಾರಿ ಸುಂಕ ಹೇರಿದವು. ಅಮೆರಿಕದ ರಫ್ತು ಕುಸಿಯಿತು.

ಕೋಳಿ ಸಾಕಣೆಗೆ ಹೆಸರಾದ ಅರ್ಕಾನ್ಸಾಸ್‌ನ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಅಮೆರಿಕ–ಯುರೋಪ್ ದೇಶಗಳ ಸೇನಾ ಒಕ್ಕೂಟವಾದ ನ್ಯಾಟೊದ ಅಣ್ವಸ್ತ್ರ ಚರ್ಚೆಯ ನಡುವೆಯೇ ಎದ್ದು ಕೋಳಿಯ ಮಾತು ತೆಗೆದರು. ಯುರೋಪಿನಲ್ಲಿರುವ ಸೈನ್ಯ ಕಡಿತ ಮಾಡಬೇಕಾದೀತು ಎಂದೂ ಎಚ್ಚರಿಸಿದರು. ನಿಮ್ಮನ್ನು ಕಾಯುತ್ತಿರುವವರು ನಾವು, ನಮ್ಮ ಕೋಳಿಗೇ ಬಾಗಿಲು ಮುಚ್ಚುತ್ತೀರಾ ಎಂಬ ಈ ವಾದವನ್ನು ಗಮನಿಸಬೇಕು. ಇಂದು ಕೇಳುವ ಮಾತುಗಳೆಲ್ಲ ಅದರಲ್ಲಿ ಆಗಲೇ ಇವೆ.

ದೇಶಗಳ ನಡುವಿನ ವ್ಯಾಪಾರಕ್ಕೆ ನಿಯಮ ಹಾಕಿದ್ದ ಗ್ಯಾಟ್ ಒಪ್ಪಂದದ ಸಮಿತಿ ಅಮೆರಿಕದ ನಷ್ಟವನ್ನು 2.6 ಕೋಟಿ ಡಾಲರ್ ಎಂದು ಲೆಕ್ಕ ಹಾಕಿತು. 1963ರ ಡಿಸೆಂಬರ್ 4ರಂದು, ಅಧ್ಯಕ್ಷರಾಗಿ ಎರಡು ವಾರವೂ ಆಗಿರದ ಲಿಂಡನ್ ಜಾನ್ಸನ್, ಪ್ರತೀಕಾರದ ಸುಂಕದ ಆದೇಶಕ್ಕೆ ಸಹಿ ಮಾಡಿದರು. ಆಲೂಗೆಡ್ಡೆ ಪಿಷ್ಟ, ಪಿಷ್ಟದಿಂದ ಮಾಡುವ ಡೆಕ್ಸ್ಟ್ರಿನ್, ದುಬಾರಿ ಬ್ರಾಂದಿ ಮತ್ತು ಹಗುರ ಟ್ರಕ್ (ಸರಕು ವ್ಯಾನೂ ಸೇರಿ), ಈ ನಾಲ್ಕರ ಮೇಲೆ ಸುಂಕ. ಬ್ರಾಂದಿಯ ಏಟು ಫ್ರಾನ್ಸಿಗೆ, ಟ್ರಕ್ಕಿನ ಏಟು ಜರ್ಮನಿಯ ಫೋಕ್ಸ್‌ವ್ಯಾಗನ್‌ಗೆ. ಜರ್ಮನಿಯಿಂದ ಬರುತ್ತಿದ್ದ ಟ್ರಕ್ಕುಗಳ ಮೌಲ್ಯ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯಿತು. ಮುಂದೆ ಪಿಷ್ಟ, ಬ್ರಾಂದಿಗಳ ಸುಂಕ ಹೋಯಿತು. ಟ್ರಕ್ಕಿನದು ಉಳಿಯಿತು, ಏಕೆಂದರೆ ಅಷ್ಟರಲ್ಲಿ ಅಮೆರಿಕದ ವಾಹನೋದ್ಯಮದ ಕೇಂದ್ರವಾದ ಡೆಟ್ರಾಯಿಟ್‌ನ ಕಂಪನಿಗಳು ಅದರ ನೆರಳಿನಲ್ಲಿ ಹಾಯಾಗಿ ಬೆಳೆಯುತ್ತಿದ್ದವು.

ಯುರೋಪಿನ ಸಿಟ್ಟಿಗೂ ಗಟ್ಟಿ ಕಾರಣಗಳಿದ್ದವು, ಅವುಗಳಲ್ಲಿ ದೊಡ್ಡದು ಡಾಲರ್. ಜಗತ್ತಿನ ಹಣಗಳನ್ನು ಡಾಲರ್‌ಗೆ ಕಟ್ಟಿದ 1944ರ ಬ್ರೆಟನ್ ವುಡ್ಸ್ ವ್ಯವಸ್ಥೆಯಲ್ಲಿ ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಎಂದು ನಿಗದಿಯಾಗಿತ್ತು. ಉಳಿದವರು ದುಡಿದು ಡಾಲರ್ ಗಳಿಸಬೇಕು, ಅಮೆರಿಕ ಅದನ್ನು ಮುದ್ರಿಸಿದರೆ ಸಾಕು. ವಿಯೆಟ್ನಾಂ ಯುದ್ಧದ ಖರ್ಚು ಏರಿದಂತೆ ಡಾಲರ್ ಹೊರಗೆ ಹರಿಯಿತು, ಅದರ ಹಿಂದಿನ ಚಿನ್ನ ಹೆಚ್ಚಲಿಲ್ಲ. 1965ರ ಫೆಬ್ರವರಿಯಲ್ಲಿ ಫ್ರಾನ್ಸ್‌ನ ಅಧ್ಯಕ್ಷ ಡಿಗಾಲ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಫ್ರಾನ್ಸ್ ತನ್ನ ಡಾಲರ್‌ಗಳನ್ನು ಕೊಟ್ಟು ಚಿನ್ನ ತರಿಸಿಕೊಂಡಿತು, 1966ರಲ್ಲಿ ನ್ಯಾಟೊದ ಸೇನಾ ನೇತೃತ್ವದಿಂದ ಹೊರಬಂತು. ಕೊನೆಗೆ 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರ್‌ಗೆ ಬದಲಾಗಿ ಚಿನ್ನ ಕೊಡುವ ಕಿಟಕಿಯನ್ನೇ ಮುಚ್ಚಿ, ಆಮದಿನ ಮೇಲೆ ಶೇ 10 ಹೆಚ್ಚುವರಿ ಸುಂಕ ಹಾಕಿದರು. ಡಾಲರ್ ನಮ್ಮ ಹಣ, ತೊಂದರೆ ನಿಮ್ಮದು ಎಂಬರ್ಥದಲ್ಲಿ ಅವರ ಖಜಾನೆ ಸಚಿವ ಜಾನ್ ಕೊನಲಿ ಯುರೋಪಿನ ಹಣಕಾಸು ಸಚಿವರಿಗೆ ಹೇಳಿದ ಮಾತು ಇವತ್ತಿಗೂ ಅಲ್ಲಿ ಮರೆತಿಲ್ಲ.

ಮುಂದಿನ ದಶಕಗಳಲ್ಲಿ ವ್ಯಾಜ್ಯಗಳು ಸಾಲುಗಟ್ಟಿದವು: ಸೋವಿಯತ್ ಅನಿಲ ಕೊಳವೆ, ಬಾಳೆಹಣ್ಣು, ಉಕ್ಕು, ಬೋಯಿಂಗ್–ಏರ್‌ಬಸ್ ಸಹಾಯಧನ. ಒಂದರ ಬಳಿ ಮಾತ್ರ ನಿಲ್ಲುತ್ತೇನೆ. ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸವನ್ನು ಯುರೋಪ್ 1989ರಲ್ಲಿ ನಿಷೇಧಿಸಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ ಗೆದ್ದರೂ ಯುರೋಪ್ ನಿಷೇಧ ತೆಗೆಯಲಿಲ್ಲ. 1999ರಲ್ಲಿ ಅಮೆರಿಕ ಯುರೋಪಿನ ಹಲವು ತಿನಿಸುಗಳ ಮೇಲೆ ಶೇ 100 ಸುಂಕ ಹಾಕಿತು. ದಕ್ಷಿಣ ಫ್ರಾನ್ಸ್‌ನ ರೋಕ್‌ಫೋರ್ ಚೀಸ್ ಕೂಡ ಆ ಪಟ್ಟಿಯಲ್ಲಿತ್ತು. ಕುರಿ ಹಾಲಿನ ಈ ಚೀಸ್, ರೋಕ್‌ಫೋರ್ ಊರಿನ ಗುಹೆಗಳ ತಂಪಿನಲ್ಲಿ ನೀಲಿ ಬೂಷ್ಟು ಹಿಡಿದು ಹದವಾಗಬೇಕು. ಆ ಹಾಲು ಕರೆಯುವ ಕುರಿಗಾರರಿಗೆ ಹಾರ್ಮೋನ್ ಮಾಂಸದ ಜಗಳದಲ್ಲಿ ಯಾವ ಪಾಲೂ ಇರಲಿಲ್ಲ. ಆಗಸ್ಟ್ 12ರಂದು ಕುರಿಗಾರ ಜೋಸೆ ಬೊವೆ ಮತ್ತು ಸಂಗಡಿಗರು ಹತ್ತಿರದ ಮಿಯೊ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಹೋಟೆಲಿನ ಭಾಗಗಳನ್ನು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಬೊವೆ ಜೈಲು ಸೇರಿದರು, ಫ್ರಾನ್ಸಿನಲ್ಲಿ ಮನೆಮಾತಾದರು. ಕೋಳಿಯ ಸಿಟ್ಟು ವ್ಯಾನ್ ಕಟ್ಟುವವರ ಮೇಲೆ, ಮಾಂಸದ ಸಿಟ್ಟು ಚೀಸ್ ಮಾಡುವವರ ಮೇಲೆ. ಸುಂಕದ ಸಮರದಲ್ಲಿ ಏಟು ತಿನ್ನುವವರು ಜಗಳ ಆಡಿದವರಲ್ಲ. ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದು.

ಇನ್ನು ರಕ್ಷಣೆಯ ಲೆಕ್ಕ. ಹತ್ತು ವರ್ಷದಲ್ಲಿ ಅಮೆರಿಕದ ಸೈನಿಕರು ಯುರೋಪಿನಿಂದ ಮರಳದಿದ್ದರೆ ನ್ಯಾಟೊ ಯೋಜನೆಯೇ ಸೋತಂತೆ ಎಂದು ಐಸೆನ್‌ಹೋವರ್ 1951ರಲ್ಲೇ ಬರೆದಿದ್ದರು. ಸೈನಿಕರು ಇಂದಿಗೂ ಅಲ್ಲಿದ್ದಾರೆ. 2014ರಲ್ಲಿ, ಜಿಡಿಪಿಯ ಶೇ 2ರಷ್ಟನ್ನು ರಕ್ಷಣೆಗೆ ಖರ್ಚು ಮಾಡುತ್ತಿದ್ದ ನ್ಯಾಟೊ ದೇಶಗಳು ಮೂರೇ: ಅಮೆರಿಕ, ಬ್ರಿಟನ್, ಗ್ರೀಸ್. ಅಮೆರಿಕದ ತೆರಿಗೆದಾರರ ಅಸಮಾಧಾನ ಹುಸಿಯಲ್ಲ. ಯುರೋಪಿನವರ ಉತ್ತರವೂ ಹುಸಿಯಲ್ಲ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನ್ಯಾಟೊದ 5ನೇ ವಿಧಿ ಬಳಕೆಗೆ ಬಂದದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ, ಅಮೆರಿಕದ ಪರವಾಗಿ. ಯುರೋಪಿನ ಸೈನಿಕರು ಅಫ್ಗಾನಿಸ್ತಾನಕ್ಕೆ ಹೋದರು, ಹಲವರು ಮರಳಲಿಲ್ಲ. ಎರಡು ವರ್ಷದೊಳಗೆ ಇರಾಕ್ ಯುದ್ಧ ಒಪ್ಪದ ಜರ್ಮನಿ, ಫ್ರಾನ್ಸ್‌ಗಳನ್ನು ಅಮೆರಿಕದ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ‘ಹಳೆಯ ಯುರೋಪ್’ ಎಂದು ಜರೆದರು.

2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸೇರಿದ ನ್ಯಾಟೊ ದೇಶಗಳು 2035ರ ವೇಳೆಗೆ ರಕ್ಷಣೆ ಮತ್ತು ಭದ್ರತೆಗೆ ಜಿಡಿಪಿಯ ಶೇ 5 ಖರ್ಚು ಮಾಡುವ ಗುರಿಗೆ ಒಪ್ಪಿದವು. ಮರುತಿಂಗಳು, ಜುಲೈ 27ರಂದು, ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೆಯೆನ್ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿರುವ ಟ್ರಂಪ್ ಅವರ ಗಾಲ್ಫ್ ರೆಸಾರ್ಟ್‌ಗೆ ಹೋಗಿ, ಯುರೋಪಿನ ಬಹುತೇಕ ಸರಕಿನ ಮೇಲೆ ಶೇ 15 ಸುಂಕಕ್ಕೆ ಒಪ್ಪಿ ಬಂದರು. ಫುಲ್‌ಬ್ರೈಟ್ 1960ರ ದಶಕದಲ್ಲಿ ಒಟ್ಟಿಗೆ ಕಟ್ಟಿದ ಸೈನ್ಯ ಮತ್ತು ಸುಂಕದ ಗಂಟು ಬಿಚ್ಚಿರಲಿಲ್ಲ. ಇದು ಶರಣಾಗತಿ ಎಂದು ಫ್ರಾನ್ಸ್‌ನ ಪ್ರಧಾನಿ ಬೈರೂ ನೊಂದುಕೊಂಡರು.

ಆಗಸ್ಟ್‌ನಲ್ಲಿ ಹೊರಬಂದ ಜಂಟಿ ಹೇಳಿಕೆ ಈ ಒಪ್ಪಂದದ ನಿಯಮವನ್ನು ಬಿಡಿಸಿ ಹೇಳಿತು: ಸಾಮಾನ್ಯವಾಗಿ ಹಿಂದಿನಿಂದ ಇರುವ ಸುಂಕ ಅಥವಾ ಶೇ 15, ಎರಡರಲ್ಲಿ ಯಾವುದು ಹೆಚ್ಚೋ ಅದು. ಜಾನ್ಸನ್ ಸಹಿ ಹಾಕಿದ ಶೇ 25ರ ಕೋಳಿ ತೆರಿಗೆಯನ್ನು ಟರ್ನ್‌ಬೆರಿಯಲ್ಲಿ ಯಾರೂ ತೆಗೆದುಹಾಕಲಿಲ್ಲ.