ಕಾಯಿಸುತ್ತಲೇ ಕಾಯಬೇಕಾದ ಹರಳು

ಸರ್ಕ್ಯೂಟ್ ಬೋರ್ಡಿಗೆ ತೂತು ಕೊರೆಯುವ ಕಾರ್ಬೈಡ್ ಡ್ರಿಲ್ ಬಿಟ್ 0.1 ಮಿ.ಮೀ.ನಷ್ಟು ತೆಳ್ಳಗೂ ಇರುತ್ತದೆ. ಅದರೊಳಗಿನ ಹರಳುಗಳೆಲ್ಲ ಅರ್ಧ ಮೈಕ್ರಾನಿಗಿಂತ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಚಿಕ್ಕವು ಎಂದಿಟ್ಟುಕೊಳ್ಳಿ. ನಡುವೆ 20 ಮೈಕ್ರಾನಿನದು ಒಂದೇ ಒಂದು ಕೂತಿದ್ದರೂ ಬಿಟ್ಟಿನ ಅಡ್ಡಳತೆಯ ಐದನೇ ಒಂದು ಪಾಲು ಅದೇ ಆಯಿತು. ಮುರಿತ ಶುರುವಾಗುವುದು ಅಲ್ಲಿಂದಲೇ.

ಈ ದೈತ್ಯ ಹುಟ್ಟುವುದು ಸಿಂಟರಿಂಗ್ ಕುಲುಮೆಯಲ್ಲಿ, ಅಂದರೆ ಒತ್ತಿದ ಪುಡಿಯನ್ನು ಕಾಯಿಸಿ ಗಟ್ಟಿ ತುಂಡಾಗಿಸುವಲ್ಲಿ. ಟಂಗ್‌ಸ್ಟನ್ನೂ ಇಂಗಾಲವೂ ಕೂಡಿದ ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಸುಮಾರು 10% ಕೋಬಾಲ್ಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, 1350–1450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಶುದ್ಧ ಕೋಬಾಲ್ಟ್ ಕರಗಲು 1495 ಡಿಗ್ರಿ ಬೇಕು. ಅದಕ್ಕೆ ಟಂಗ್‌ಸ್ಟನ್ನೂ ಇಂಗಾಲವೂ ಜೊತೆಗೂಡಿದರೆ 1300ರ ಆಸುಪಾಸಿನಲ್ಲೇ ದ್ರವವಾಗುತ್ತದೆ. ಆ ದ್ರವ ಸಂದುಗೊಂದಿಗೆಲ್ಲ ನುಗ್ಗಿ ತುಂಡನ್ನು ಬಿಗಿಯುತ್ತದೆ. ತೊಂದರೆಯೂ ಅದರಿಂದಲೇ: ಚಿಕ್ಕ ಹರಳು ಅದರಲ್ಲಿ ಬೇಗ ಕರಗುತ್ತದೆ, ಕರಗಿದ್ದು ದೊಡ್ಡದರ ಮೈಗೆ ಹತ್ತಿಕೊಳ್ಳುತ್ತದೆ. ಅತಿ ನಯವಾದ ಪುಡಿಯಲ್ಲಂತೂ ದ್ರವ ಹುಟ್ಟುವ ಮೊದಲೇ ಬೆಳವಣಿಗೆ ಶುರುವಾಗಿರುತ್ತದೆ. ಕುಲುಮೆ ತುದಿ ಶಾಖದಲ್ಲಿರುವ ಕಡೆಯ ಅರ್ಧ ಗಂಟೆಯ ಮೇಲಷ್ಟೇ ಕಣ್ಣಿಟ್ಟರೆ ಸಾಲದು.

ತಡೆಗೆ ಬಳಸುವುದು ವೆನೇಡಿಯಂ ಕಾರ್ಬೈಡ್, ಕ್ರೋಮಿಯಂ ಕಾರ್ಬೈಡ್. ಟಂಗ್‌ಸ್ಟನ್ ಕಾರ್ಬೈಡ್ ಹರಳು ಕೋಬಾಲ್ಟಿನೊಳಗೆ ಮೂರು ಮೂಲೆಯ ಪಟ್ಟಕದಂತೆ, ಚಪ್ಪಟೆ ಮುಖಗಳೊಂದಿಗೆ ಬೆಳೆಯುತ್ತದೆ. ಆ ಮುಖಗಳ ಮೇಲೆ ವೆನೇಡಿಯಂ ಕೆಲವೇ ಪರಮಾಣುಗಳಷ್ಟು ದಪ್ಪದ ಪದರವಾಗಿ ಕೂರುತ್ತದೆ. ಹೊಸ ಪದರ ಕಟ್ಟಲು ಅಲ್ಲಿ ಜಾಗವಿರುವುದಿಲ್ಲ. ತಡೆಯುವುದರಲ್ಲಿ ವೆನೇಡಿಯಮ್ಮೇ ಗಟ್ಟಿಗ. ಆದರೆ ಕೈ ಜಾರಿ ಹೆಚ್ಚಾದರೆ ಹರಳುಗಳ ಗಡಿಯಲ್ಲಿ ಶೇಖರವಾಗಿ ತುಂಡು ಪೆಡಸಾಗುತ್ತದೆ. ಕ್ರೋಮಿಯಂ ಕೋಬಾಲ್ಟಿನಲ್ಲೇ ಚೆನ್ನಾಗಿ ಕರಗುವುದರಿಂದ ಅಷ್ಟು ಕಾಡುವುದಿಲ್ಲ. 10% ಕೋಬಾಲ್ಟಿನ ಮಿಶ್ರಣಕ್ಕೆ 0.2–0.3% ವೆನೇಡಿಯಂ ಕಾರ್ಬೈಡ್, ಅರ್ಧ ಶೇಕಡಾದಷ್ಟು ಕ್ರೋಮಿಯಂ ಕಾರ್ಬೈಡ್ ಒಟ್ಟಿಗೆ ಹಾಕುವುದು ಒಳ್ಳೆಯ ಆರಂಭ.

ಇಷ್ಟು ಚಿಟಿಕೆ ಪುಡಿ ಎಲ್ಲೆಡೆ ಸಮನಾಗಿ ಹರಡಬೇಕು. ಗಂಟು ಕಟ್ಟಿದರೆ ಅದು ತಲುಪದ ಕಡೆ ಹರಳಿಗೆ ತಡೆಯೇ ಇಲ್ಲ. ಗುಂಡುಗಳೊಂದಿಗೆ ಉರುಳಿಸಿ ಪುಡಿಮಾಡುವ ಬಾಲ್ ಮಿಲ್ಲಿನಲ್ಲಿ ಅರೆಯುವಾಗ ಒಡೆಯದೆ ಉಳಿದ ದಪ್ಪ ಹರಳೂ ಅಷ್ಟೇ ಅಪಾಯ. ಮುಂದೆ ಸುತ್ತಲಿನದನ್ನೆಲ್ಲ ನುಂಗುವ ಬೀಜ ಅದು.

ಇನ್ನು ಇಂಗಾಲ. ಟಂಗ್‌ಸ್ಟನ್ ಕಾರ್ಬೈಡಿನಲ್ಲಿ ಅದು ತೂಕದ 6.13% ಇರಬೇಕು. ಹೆಚ್ಚಾದರೆ ದ್ರವ ಬೇಗ ಹುಟ್ಟಿ ಹರಳು ದಪ್ಪವಾಗುತ್ತದೆ, ಗ್ರಾಫೈಟ್ ಬಿಡಿಯಾಗಿ ಕಾಣಿಸಿಕೊಳ್ಳುತ್ತದೆ. ಕಮ್ಮಿಯಾದರೆ ಟಂಗ್‌ಸ್ಟನ್, ಕೋಬಾಲ್ಟ್, ಇಂಗಾಲ ಮೂರೂ ಕೂಡಿದ, ಪೆಡಸಾದ ‘ಈಟಾ ಹಂತ’ ಎಂಬ ಸಂಯುಕ್ತ ಹುಟ್ಟುತ್ತದೆ. ಪುಡಿ ನಯವಾದಷ್ಟೂ ಗಾಳಿಯ ಆಮ್ಲಜನಕ ಹೆಚ್ಚು ಅಂಟುತ್ತದೆ. ಆ ಆಮ್ಲಜನಕದ ಪ್ರತಿ 0.1%, ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಟರೆ, 0.075% ಇಂಗಾಲವನ್ನು ಹೊತ್ತೊಯ್ಯುತ್ತದೆ. ಆ ಲೆಕ್ಕ ಹಿಡಿದೇ ಮೊದಲು ಇಂಗಾಲ ಸೇರಿಸಬೇಕು.

ಶಾಖ ತಗ್ಗಿಸಿದರೆ ಹರಳು ಬೆಳೆಯುವುದಿಲ್ಲ ನಿಜ, ರಂಧ್ರಗಳೂ ಮುಚ್ಚುವುದಿಲ್ಲ. ಅದಕ್ಕೇ ಕೊನೆಯಲ್ಲಿ 50–100 ಬಾರ್ ಆರ್ಗಾನ್ ಒತ್ತಡ ಕೊಡುವುದು.

ಹೊರಬಂದ ತುಂಡಿನ ಕಾಂತೀಯ ಕೋಅರ್ಸಿವಿಟಿ (ಕಾಂತವಾದ ತುಂಡಿನ ಕಾಂತತ್ವ ಅಳಿಸಲು ಬೇಕಾದ ವಿರುದ್ಧ ಕಾಂತಕ್ಷೇತ್ರ) ಅಳೆದರೆ ಹರಳಿನ ಗಾತ್ರ ಅಂದಾಜಾಗುತ್ತದೆ: ಹೆಚ್ಚಿದ್ದರೆ ಹರಳು ನಯ. ಆದರೆ ಅದು ಸರಾಸರಿ ಮಾತ್ರ. ಒಂಟಿ ದೈತ್ಯ ಅದರಲ್ಲಿ ಸಿಕ್ಕಿಬೀಳುವುದಿಲ್ಲ. ತುಂಡನ್ನು ಕತ್ತರಿಸಿ, ಕನ್ನಡಿಯಂತೆ ಉಜ್ಜಿ, ಹರಳುಗಳ ಗಡಿ ಎದ್ದು ಕಾಣುವಂತೆ ಮಾಡುವ ಮುರಕಾಮಿ ದ್ರಾವಣದಲ್ಲಿ ಕೆಲವು ನಿಮಿಷ ಇಟ್ಟು ಸೂಕ್ಷ್ಮದರ್ಶಕದಡಿ ನೋಡಬೇಕು. ಹರಳುಗಳೆಲ್ಲ ಒಂದೇ ಸಮ ದಪ್ಪವಾಗಿದ್ದರೆ ಶಾಖವನ್ನೂ ಇಂಗಾಲವನ್ನೂ ಅನುಮಾನಿಸಿ. ಅಲ್ಲೊಂದು ಇಲ್ಲೊಂದು ದೈತ್ಯ ಕಂಡರೆ ಮಿಲ್ಲಿನ ಕಡೆ ತಿರುಗಿ.