ಆ 720 ಹರ್ಟ್ಜ್ ಎಲ್ಲಿಂದ ಬಂತು? ಗಿಟಾರ್ ಪೆಡಲ್‌ನ ಎರಡು ಪುಟ್ಟ ಬಿಡಿಭಾಗಗಳ ಹಿನ್ನೆಲೆ

ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ಕೂತು ಸೌಂಡನ್ನು ಒರಟಾಗಿಸುವ ಹಳೇ ಟ್ಯೂಬ್ ಸ್ಕ್ರೀಮರ್ ಪೆಡಲ್ ಬಗ್ಗೆ ಮಾತೆತ್ತಿದರೆ ಗಿಟಾರ್ ನುಡಿಸುವವರ ಬಾಯಲ್ಲಿ ಮೊದಲು ಬರುವುದು ಜೆಆರ್‌ಸಿ 4558 ಅನ್ನೋ ಆಪ್-ಆಂಪ್, ಅಂದರೆ ಸಿಗ್ನಲ್ ಹಿಗ್ಗಿಸುವ ಚಿಪ್. ಅದೇ ಬೇಕು, ಹಳೇದೇ ಬೇಕು, ಇಲ್ಲದಿದ್ದರೆ ಆ ಸೌಂಡ್ ಬರಲ್ಲ ಅಂತ ಹುಡುಕಾಡಿ ದುಡ್ಡು ಸುರಿಯುವವರು ಈಗಲೂ ಇದ್ದಾರೆ. ನನ್ನ ಕೇಳಿದರೆ ಆ ಚಿಪ್‌ಗೆ ಸಿಕ್ಕಿರುವ ಹೆಸರು ಜಾಸ್ತಿಯೇ ಆಯಿತು. ಪೆಡಲ್‌ನ ಮುಖ್ಯ ಗುಣ ಕೂತಿರುವುದು ಪುಡಿಗಾಸಿಗೆ ಸಿಗುವ ಒಂದು 4.7 ಕಿಲೋಓಮ್ ರೆಸಿಸ್ಟರ್ ಮತ್ತು ಒಂದು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿ.

ಕೆಪಾಸಿಟರ್ ಮೇಲಿನ ಫ್ರೀಕ್ವೆನ್ಸಿಗಳನ್ನು ಸಲೀಸಾಗಿ ಬಿಡುತ್ತದೆ, ಕೆಳಗಿನವನ್ನು ತಡೆಯುತ್ತದೆ. ಎಲ್ಲಿಂದ ತಡೆಯಬೇಕು ಅನ್ನುವುದು ಅದರ ಜೊತೆಗಿರುವ ರೆಸಿಸ್ಟರ್ ಮೇಲೆ ನಿಂತಿದೆ. ಎರಡರ ವ್ಯಾಲ್ಯೂ (ಓಮ್, ಫ್ಯಾರಡ್ ಲೆಕ್ಕದಲ್ಲಿ) ಗುಣಿಸಿ, ಅದನ್ನು 6.28ರಿಂದ ಗುಣಿಸಿ, ಬಂದದ್ದರಿಂದ 1 ಅನ್ನು ಭಾಗಿಸಿದರೆ ಕಟ್‌ಆಫ್, ಅಂದರೆ ತಡೆ ಶುರುವಾಗುವ ಫ್ರೀಕ್ವೆನ್ಸಿ, ಸಿಗುತ್ತದೆ. ಈ ಜೋಡಿಗೆ 720 ಹರ್ಟ್ಜ್.

ಆದರೆ ಇಂಥ ಲೆಕ್ಕ ಪೆಡಲ್‌ಗಳಿಗೆ ಬಂದದ್ದು ಟ್ಯೂಬ್ ಸ್ಕ್ರೀಮರ್‌ನಿಂದಲ್ಲ. 1960ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನೋ ಟ್ರೆಬಲ್ ಬೂಸ್ಟರ್ ಬಂತು. ಒಳಗಿರುವುದು ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್. ಅದರ ಇನ್‌ಪುಟ್ ಕೆಪಾಸಿಟರ್ ಬರೀ 0.005 ಮೈಕ್ರೋಫ್ಯಾರಡ್. ಇಷ್ಟು ಚಿಕ್ಕದಾದರೆ ಬೇಸ್ ಒಳಗೆ ಬರುವುದೇ ಕಷ್ಟ, ಟ್ರೆಬಲ್ ಮಾತ್ರ ದೊಡ್ಡದಾಗಿ ಹೊರಗೆ ಹೋಗುತ್ತದೆ, ಮಂಕಾಗಿ ಕೇಳುತ್ತಿದ್ದ ಆಂಪ್ಲಿಫೈಯರ್‌ಗೆ ಜೀವ ಬರುತ್ತದೆ. ರೋರಿ ಗ್ಯಾಲಗರ್, ಬ್ರಯಾನ್ ಮೇ ಇಂಥವರೆಲ್ಲ ಬಳಸಿದ ಪೆಡಲ್ ಇದು.

1966ರಲ್ಲಿ ಅದೇ ಇಂಗ್ಲೆಂಡಿನಲ್ಲಿ ಬಂದ ಫಜ್ ಫೇಸ್ ನೋಡಿ. ಅದರ ಇನ್‌ಪುಟ್ ಕೆಪಾಸಿಟರ್ 2.2 ಮೈಕ್ರೋಫ್ಯಾರಡ್. ಅಂದರೆ ರೇಂಜ್‌ಮಾಸ್ಟರ್‌ನದಕ್ಕಿಂತ 440 ಪಟ್ಟು ದೊಡ್ಡದು. ಬೇಸ್ ಪೂರ್ತಿ ಒಳಗೆ ಬರುತ್ತದೆ, ಪೂರ್ತಿ ಒರಟಾಗಿ ಒಡೆದುಹೋಗುತ್ತದೆ. ಒಬ್ಬೊಬ್ಬರಿಗೆ ಅದೇ ಇಷ್ಟ. ದಪ್ಪ ತಂತಿಯ ಮೇಲೆ ಕಾರ್ಡ್ ಹಿಡಿದರೆ ಮಾತ್ರ ಯಾವ ಸ್ವರ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೆ ಕಾರಣ ಇದೆ. ಗಿಟಾರ್ ಸಿಗ್ನಲ್‌ನಲ್ಲಿ ಜೋರಾಗಿರುವುದು ಕೆಳಗಿನ ಸ್ವರಗಳೇ, ಆದ್ದರಿಂದ ಕ್ಲಿಪ್ಪಿಂಗ್ (ಸಿಗ್ನಲ್ ಮಿತಿ ಮೀರಿ ಅದರ ತುದಿ ಕತ್ತರಿಸಿಹೋಗುವುದು) ಶುರುವಾದಾಗ ಅವು ಮೊದಲು ತಲೆ ಕತ್ತರಿಸಿಕೊಳ್ಳುತ್ತವೆ, ಜೊತೆಗಿದ್ದ ಸಣ್ಣ ಸ್ವರಗಳನ್ನೂ ಎಳೆದುಕೊಂಡು ಹೋಗುತ್ತವೆ, ಎರಡು ಸ್ವರ ಸೇರಿದ ಕಡೆ ಅವೆರಡರ ಮೊತ್ತ, ವ್ಯತ್ಯಾಸದ ಬೇರೆ ಫ್ರೀಕ್ವೆನ್ಸಿಗಳೂ ಹುಟ್ಟಿಕೊಳ್ಳುತ್ತವೆ.

ಅಮೆರಿಕದ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಬಿಗ್ ಮಫ್ 1969ರ ಸುಮಾರಿಗೆ ಬಂತು. ಅದರ ಟೋನ್ ಸರ್ಕ್ಯೂಟ್‌ನಲ್ಲಿ ಎರಡು ದಾರಿ. 39 ಕಿಲೋಓಮ್, 0.01 ಮೈಕ್ರೋಫ್ಯಾರಡ್ ಇರುವ ದಾರಿಯಲ್ಲಿ ಸುಮಾರು 408 ಹರ್ಟ್ಜ್‌ಗಿಂತ ಕೆಳಗಿನದು ಹೋಗುತ್ತದೆ. 22 ಕಿಲೋಓಮ್, 0.004 ಇರುವ ದಾರಿಯಲ್ಲಿ 1,800ಕ್ಕಿಂತ ಮೇಲಿನದು. ನಡುವೆ ಇರುವ ಮಿಡ್‌ಗೆ ಎರಡೂ ಕಡೆ ಜಾಗ ಇಲ್ಲ, 1,000 ಹರ್ಟ್ಜ್ ಆಸುಪಾಸಿನಲ್ಲಿ ದೊಡ್ಡ ಗುಂಡಿ ಬೀಳುತ್ತದೆ. ರೂಮಿನಲ್ಲಿ ಒಬ್ಬರೇ ನುಡಿಸಿದರೆ ಭರ್ಜರಿ, ಬ್ಯಾಂಡ್ ಜೊತೆ ನುಡಿಸಿದರೆ ಗಿಟಾರ್ ಕಾಣೆ. ಕಂಪನಿ ವರ್ಷವರ್ಷಕ್ಕೂ ಬಿಡಿಭಾಗಗಳ ವ್ಯಾಲ್ಯೂ ಬದಲಿಸುತ್ತಾ ಹೋದದ್ದರಿಂದ ಬಿಗ್ ಮಫ್ ಅನ್ನೋ ಹೆಸರಿನಲ್ಲಿ ಎಷ್ಟೊಂದು ಬೇರೆ ಬೇರೆ ಸೌಂಡ್‌ಗಳಿವೆ!

ಇದರ ತದ್ವಿರುದ್ಧ ಕೆಲಸ ಮಾಡಿದ್ದು ಟ್ಯೂಬ್ ಸ್ಕ್ರೀಮರ್. ಜಪಾನಿನ ನಿಶಿನ್ ಓನ್ಪಾ ಕಂಪನಿಯಲ್ಲಿ ಸುಸುಮು ತಮುರಾ ರೂಪಿಸಿದ ಟಿಎಸ್808, 1970ರ ದಶಕದ ಕೊನೆಯಲ್ಲಿ ಐಬನೇಜ್ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಇಲ್ಲಿ ಬೇಸ್ ಕಡಿಮೆ ಮಾಡುವುದು ಕ್ಲಿಪ್ಪಿಂಗ್‌ ಆಗುವ ಜಾಗದಲ್ಲೇ. ಆ 4.7 ಕಿಲೋಓಮ್ ಮತ್ತು 0.047 ಜೋಡಿ ಆಪ್-ಆಂಪ್‌ನ ಫೀಡ್‌ಬ್ಯಾಕ್‌ನಲ್ಲಿ ಗ್ರೌಂಡ್ ಕಡೆಗೆ ಕೂತಿದೆ, ಹಾಗಾಗಿ ಯಾವ ಫ್ರೀಕ್ವೆನ್ಸಿಗೆ ಎಷ್ಟು ಗೇನ್, ಅಂದರೆ ಅದು ಎಷ್ಟು ಪಟ್ಟು ಹಿಗ್ಗಬೇಕು ಅನ್ನುವುದನ್ನು ಅದೇ ಹೇಳುತ್ತದೆ. ಗೇನ್ ಏರಿಸುವ ಡ್ರೈವ್ ನಾಬ್ ಪೂರ್ತಿ ತಿರುಗಿಸಿ ಮೆಲ್ಲಗೆ ನುಡಿಸಿದಿರಿ ಅಂದುಕೊಳ್ಳಿ. 82 ಹರ್ಟ್ಜ್‌ನ ದಪ್ಪ ಇ ತಂತಿಗೆ ಸಿಗುವ ಗೇನ್ ಸುಮಾರು 13 ಪಟ್ಟು. 720 ಹರ್ಟ್ಜ್‌ಗೆ 83 ಪಟ್ಟು. ಕೆಳಗಿನ ಸ್ವರ ಅಷ್ಟು ಕ್ಲಿಪ್ ಆಗಲ್ಲ, ಗೇನ್ 1ಕ್ಕಿಂತ ಕೆಳಗೂ ಇಳಿಯಲ್ಲ. ಅದಕ್ಕೇ ಈ ಪೆಡಲ್‌ನಲ್ಲಿ ಬೆರಳಿನ ಪೆಟ್ಟು ಸ್ಪಷ್ಟವಾಗಿ ಕೇಳುವುದು. ಬಿಟ್ಟ ತಂತಿಗಳಲ್ಲಿ ಅತಿ ಸಣ್ಣ ಇ ಕೂಡ 330 ಹರ್ಟ್ಜ್ ಮಾತ್ರ, ನೆನಪಿರಲಿ. ಅಂದರೆ ಆರೂ ತಂತಿಗಳ ಮೂಲ ಸ್ವರ 720ರ ಕೆಳಗೇ ಇದೆ, ಜಾಸ್ತಿ ಕ್ಲಿಪ್ ಆಗುವುದು ಅವುಗಳ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದ ಎರಡು, ಮೂರು ಪಟ್ಟಿನ ಫ್ರೀಕ್ವೆನ್ಸಿಗಳು.

ಕ್ಲಿಪ್ಪಿಂಗ್ ಮುಗಿದ ಮೇಲೆ 1 ಕಿಲೋಓಮ್ ಮತ್ತು 0.22 ಮೈಕ್ರೋಫ್ಯಾರಡ್‌ನ ಇನ್ನೊಂದು ಜೋಡಿ ಬರುತ್ತದೆ. ಅದರ ಕಟ್‌ಆಫ್ 723 ಹರ್ಟ್ಜ್, ಇದು ಮೇಲಿನದನ್ನು ಇಳಿಸುತ್ತದೆ. ಒಂದು ಕೆಳಗಿಂದ ಕಡಿಮೆ ಮಾಡಿತು, ಇನ್ನೊಂದು ಮೇಲಿಂದ. ನಡುವೆ ಉಳಿದ ಉಬ್ಬೇ ಎಲ್ಲರೂ ಹೇಳುವ ಮಿಡ್ ಹಂಪ್. ಮಿಡ್ ಸ್ವಲ್ಪ ತಗ್ಗಿರುವ ಫೆಂಡರ್ ಆಂಪ್‌ಗಳ ಮುಂದೆ ಇಟ್ಟು ಸ್ಟೀವಿ ರೇ ವಾನ್ ನುಡಿಸಿದಾಗ ಇದು ಸರಿಯಾಗಿ ಕೂತಿತು. ಆಮೇಲೆ ಮೆಟಲ್ ನುಡಿಸುವವರು ಡ್ರೈವ್ ಸೊನ್ನೆಗೆ ಇಳಿಸಿ, ಲೆವೆಲ್ ಏರಿಸಿ, ಸುಮ್ನೆ ಬೇಸ್ ಬಿಗಿ ಮಾಡೋಕೆ ಅಂತಲೇ ಬಳಸತೊಡಗಿದರು.

ಡ್ರೈವ್ ನಾಬ್ ಕೂಡ ಸದ್ದಿಲ್ಲದೆ ಟೋನ್ ಬದಲಿಸುತ್ತದೆ. ಅದರ ಅಡ್ಡಕ್ಕೆ 51 ಪಿಕೋಫ್ಯಾರಡ್ ಕೆಪಾಸಿಟರ್ ಇದೆ. ಡ್ರೈವ್ ಪೂರ್ತಿ ಇದ್ದಾಗ ಅದು ಸುಮಾರು 5,600 ಹರ್ಟ್ಜ್‌ನಿಂದ ಮೇಲೆ ಗೇನ್ ಇಳಿಸುತ್ತದೆ, ಡ್ರೈವ್ ಕಡಿಮೆ ಇದ್ದಾಗ ಇದ್ದೂ ಇಲ್ಲದ ಹಾಗೆ.

1980ರ ದಶಕದ ಶುರುವಿನಲ್ಲಿ ಬಂದ ಟಿಎಸ್9ರಲ್ಲಿ ಔಟ್‌ಪುಟ್‌ನ ಎರಡು ರೆಸಿಸ್ಟರ್‌ಗಳು 100 ಓಮ್‌ನಿಂದ 470ಕ್ಕೆ, 10 ಕಿಲೋಓಮ್‌ನಿಂದ 100ಕ್ಕೆ ಹೋದವು. 808 ದೊಡ್ಡದೋ 9 ದೊಡ್ಡದೋ ಅನ್ನೋ ಜಗಳ ಶುರುವಾದದ್ದು ಇಲ್ಲೇ. ಕ್ಲಿಪ್ಪಿಂಗ್ ಭಾಗದ 720 ಮಾತ್ರ ಕದಲಲಿಲ್ಲ. ಬಾಸ್ ಕಂಪನಿಯ ಎಸ್‌ಡಿ-1ರಲ್ಲಿ ಕ್ಲಿಪ್ಪಿಂಗ್ ಮಾಡುವ ಡಯೋಡ್‌ಗಳ ಜೋಡಣೆ ಬೇರೆ, ಆದರೆ ಈ ಜೋಡಿ ಅದೇ.

ಇನ್ನೊಂದು ಮಾತು. ಕೆಪಾಸಿಟರ್‌ನಲ್ಲಿ 10%, ರೆಸಿಸ್ಟರ್‌ನಲ್ಲಿ 5% ಹೆಚ್ಚುಕಡಿಮೆ ಇದ್ದರೆ ಆ 720 ಅನ್ನೋದು 620ರಿಂದ 840ರ ತನಕ ಎಲ್ಲಿ ಬೇಕಾದರೂ ಬೀಳಬಹುದು. ಒಂದೇ ಮಾಡೆಲ್‌ನ ಎರಡು ಹಳೇ ಪೆಡಲ್ ಬೇರೆ ಬೇರೆಯಾಗಿ ಕೇಳಿದರೆ ಚಿಪ್ ಕಿತ್ತು ನೋಡುವ ಮೊದಲು ಇದನ್ನು ಅಳೆಯುವುದು ಒಳ್ಳೇದು, ಅಲ್ವಾ?

ಪ್ರಯೋಗ ಮಾಡುವವರಿಗೆ ಬೆಂಗಳೂರಿನ ಎಸ್‌ಪಿ ರೋಡ್ ಸಾಕು. 0.047 ಕೆಪಾಸಿಟರ್ ಮೇಲೆ 473 ಅಂತ ಇರುತ್ತದೆ, 0.1 ಮೇಲೆ 104. ಹಳೆಯದನ್ನು ತೆಗೆದು 104 ಹಾಕಿದರೆ ಕಟ್‌ಆಫ್ 339ಕ್ಕೆ ಇಳಿಯುತ್ತದೆ, ಬೇಸ್ ತುಂಬಿಕೊಳ್ಳುತ್ತದೆ. ರೆಸಿಸ್ಟರ್ ಮುಟ್ಟುವುದಾದರೆ ಹುಷಾರು: 4.7ರ ಜಾಗಕ್ಕೆ 2.2 ಕಿಲೋಓಮ್ ಹಾಕಿದರೆ ಕಟ್‌ಆಫ್ 1,500 ದಾಟುವುದಷ್ಟೇ ಅಲ್ಲ, ಹೆಚ್ಚೆಂದರೆ 118 ಪಟ್ಟು ಇದ್ದ ಗೇನ್ 250ಕ್ಕೆ ಜಿಗಿಯುತ್ತದೆ. ಮೊದಲು ಕೆಪಾಸಿಟರ್ ಬದಲಿಸಿ ನೋಡಿ.